ಮೇಲಿನ ಮಹಡಿಯಿಂದ ಶುರು ಮಾಡಿ: ಶಿರಸಿ, ಕಾರವಾರದ ಕಡೆ ಬಳಕೆ ಬದಲಾದರೂ ಬಾಳುವ ವಾಣಿಜ್ಯ ಕಟ್ಟಡ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಪೇಟೆಗಳಲ್ಲಿ ವಾಣಿಜ್ಯ ಕಟ್ಟಡಕ್ಕೆ ಬಹುಕಾಲದಿಂದ ಒಂದೇ ಅಚ್ಚು. ಕೆಳಗೆ ಹತ್ತು ಅಡಿ ಅಗಲದ ಮಳಿಗೆಗಳ ಸಾಲು, ಪ್ರತಿಯೊಂದಕ್ಕೂ ರೋಲಿಂಗ್ ಶಟರ್, ಮೂಲೆಯಲ್ಲಿ ಕಡಿದಾದ ಒಂದು ಮೆಟ್ಟಿಲು, ಮೇಲೆ ‘ಆಮೇಲೆ ನೋಡಿಕೊಂಡರಾಯಿತು’ ಎಂದು ಬಿಟ್ಟ ಒಂದೆರಡು ಮಹಡಿ. ಕೆಳಗಿನ ಮಳಿಗೆಗೆ ಮುಂಗಡ ಹಿಡಿದು ಕಾಯುವವರಿದ್ದ ಕಾಲಕ್ಕೆ ಈ ಲೆಕ್ಕ ಸರಿಯಿತ್ತು. ಈಗ ಬಟ್ಟೆ, ಮೊಬೈಲು, ಪಾತ್ರೆಯವರೆಗೆ ಎಲ್ಲವೂ ಕೊರಿಯರ್ ಹುಡುಗರ ಚೀಲದಲ್ಲಿ ಮನೆಬಾಗಿಲಿಗೆ ಬರುತ್ತಿದೆ. ಬ್ಯಾಂಕಿನ ಕೆಲಸ ಫೋನಿನಲ್ಲಿ ಮುಗಿಯುತ್ತದೆ. ಅದೇ ಹೊತ್ತಿಗೆ 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದ ಹುಡುಗ ಹುಡುಗಿಯರಲ್ಲಿ ಹಲವರು ಬೆಂಗಳೂರಿನ ಕಂಪನಿಯ ಕೆಲಸವನ್ನು ಇಲ್ಲಿಂದಲೇ ಮಾಡುತ್ತಿದ್ದಾರೆ. ತೋಟದ ಮನೆಯಲ್ಲಿ ಕರೆಂಟು, ನೆಟ್‌ವರ್ಕ್ ಕೈಕೊಟ್ಟ ದಿನ ಪೇಟೆಯಲ್ಲಿ ಕೂರಲು ಅವರಿಗೊಂದು ಜಾಗ ಬೇಕು. ವಾರಕ್ಕೊಮ್ಮೆ ಬರುವ ತಜ್ಞ ವೈದ್ಯರಿಗೆ, ಲ್ಯಾಬಿಗೆ, ಕೋಚಿಂಗ್ ತರಗತಿಗೆ, ವರ್ಗವಾಗಿ ಬಂದ ನೌಕರರಿಗೆ ಕೂಡ ಜಾಗ ಬೇಕು. ಇವರಲ್ಲಿ ಯಾರಿಗೂ ರಸ್ತೆಗೆ ಮುಖ ಮಾಡಿದ ಶಟರ್ ಬೇಕಿಲ್ಲ. ಇವರೆಲ್ಲ ಬರಬೇಕಾದದ್ದು ಮೇಲಿನ ಮಹಡಿಗೆ.

ಆದ್ದರಿಂದ ನನ್ನ ಸಲಹೆ ಇದು: ನಕ್ಷೆಯನ್ನು ಮೇಲಿನ ಮಹಡಿಯಿಂದ ಕೆಳಕ್ಕೆ ಬರೆಸಿ. ಮೇಲೆ ಕೂರುವವರಿಗೆ ಏನು ಬೇಕು ಎಂಬುದು ತೀರ್ಮಾನವಾದರೆ ಕೆಳಗಿನ ಮಳಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ಕೆಳಗಿನಿಂದ ಶುರು ಮಾಡಿದರೆ ಮೇಲಿನದು ಎಂದೂ ಹೊಂದುವುದಿಲ್ಲ.

ಮೊದಲ ಹಂತ: ಕೇಳುತ್ತ ತಿರುಗಿ

ಎಂಜಿನಿಯರ ಬಳಿ ಹೋಗುವ ಮೊದಲು ನೋಟ್‌ಬುಕ್ ಹಿಡಿದು ಊರಿನಲ್ಲಿ ಅಡ್ಡಾಡಿ. ಲೆಕ್ಕಪತ್ರ ನೋಡುವವರು, ದಂತವೈದ್ಯರು, ಟ್ಯೂಷನ್ ನಡೆಸುವವರು, ಮನೆಯಲ್ಲೇ ಕೇಕು, ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಅಕ್ಕಂದಿರು, ಕೊರಿಯರ್‌ನವರು, ಮನೆಯಿಂದ ಕೆಲಸ ಮಾಡುವ ಯುವಕರು, ಹೀಗೆ ಎಲ್ಲರನ್ನೂ ಮಾತಾಡಿಸಿ. ‘ಎಷ್ಟು ಬಾಡಿಗೆ ಕೊಡ್ತೀರಿ’ ಎಂಬ ಪ್ರಶ್ನೆ ಕೊನೆಗಿರಲಿ. ಎಷ್ಟು ಗಂಟೆಯಿಂದ ಎಷ್ಟರವರೆಗೆ ಕೆಲಸ, ಎಷ್ಟು ಜನ ಬಂದುಹೋಗುತ್ತಾರೆ, ನೀರು ಎಷ್ಟು ಬೇಕು, ಭಾರದ ಸಾಮಾನು ಇದೆಯೇ, ಸದ್ದು ಮಾಡುವವರೋ ಸದ್ದು ಬೇಡದವರೋ ಎಂಬ ಐದು ಸಂಗತಿಗಳನ್ನು ಮೊದಲು ಬರೆದುಕೊಳ್ಳಿ.

ಊರಿನಿಂದ ಊರಿಗೆ ಉತ್ತರ ಬೇರೆ. ಶಿರಸಿಯಲ್ಲಿ ಅಡಿಕೆ ವಹಿವಾಟಿನ ಸುತ್ತ ಹಣ ಓಡಾಡುತ್ತದೆ. ಕೊಯ್ಲು ಮುಗಿದು ಮಾಲು ಪೇಟೆಗೆ ಬಂದ ಮೇಲಿನ ತಿಂಗಳುಗಳಿಗೂ ಮಳೆಗಾಲಕ್ಕೂ ವ್ಯಾಪಾರದಲ್ಲಿ ತುಂಬ ಅಂತರ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ, ಅದು ನಡೆಯುವ ಬಿಡಕಿಬೈಲಿನ ಸುತ್ತ, ಕೆಲವೇ ದಿನಗಳ ಮಟ್ಟಿಗೆ ಜಾಗದ ಬೇಡಿಕೆ ಏರುತ್ತದೆ. ಕಾರವಾರದಲ್ಲಿ ಜಿಲ್ಲಾಡಳಿತದ ಕಚೇರಿಗಳು, ಸೀಬರ್ಡ್ ನೌಕಾನೆಲೆ, ಕೈಗಾ ಅಣು ವಿದ್ಯುತ್ ಕೇಂದ್ರ ಇರುವುದರಿಂದ ಎರಡು ಮೂರು ವರ್ಷಕ್ಕೆಂದು ಬಂದು ಹೋಗುವ ಜನ ಹೆಚ್ಚು. ಗೋಕರ್ಣ, ಮುರುಡೇಶ್ವರದ ಕಡೆ ಪ್ರವಾಸಿಗರ ಹಂಗಾಮೇ ಎಲ್ಲ. ಶಿರಸಿಯ ನಕ್ಷೆ ಕಾರವಾರಕ್ಕೆ ಹಾಗೆಯೇ ಹೊಂದುವುದಿಲ್ಲ.

ಎರಡನೆಯದು: ಜಾಗದ ಕಾಗದ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ನೀವು ಬೇಗ ಮುಗಿಸಬೇಡಿ. ಕೃಷಿ ಜಮೀನಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆ ಆಗಿರಬೇಕು. ಘಟ್ಟದ ಮೇಲೆ ತೋಟಕ್ಕೆ ಹೊಂದಿದ ಸೊಪ್ಪಿನಬೆಟ್ಟದಲ್ಲಿ ಬೆಳೆಗಾರರಿಗೆ ಇರುವುದು ಸೊಪ್ಪು, ದರಕಿನ (ಉದುರಿದ ಒಣ ಎಲೆಯ) ಸೌಲಭ್ಯ ಮಾತ್ರ. ರಸ್ತೆಗೆ ತಾಗಿಕೊಂಡಿದೆ ಎಂದು ಅಲ್ಲಿ ಮಳಿಗೆ ಕಟ್ಟುವ ಯೋಚನೆ ಬೇಡ. ಕರಾವಳಿಯಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ನೋಡಲೇಬೇಕು. 2019ರ ಅಧಿಸೂಚನೆಯಂತೆ ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಅದು ಅನ್ವಯಿಸುತ್ತದೆ. ಉಬ್ಬರದ ನೀರು ಏರಿಳಿಯುವ ಹೊಳೆ, ಹಿನ್ನೀರಿನ ದಂಡೆಯಲ್ಲಿ 50 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಗಳ ಹತ್ತಿರ ಜಾಗ ಇರುವವರು ಕಡಲು ದೂರವಿದೆ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ನಗರಸಭೆಗೆ ನಕ್ಷೆ ಕೊಡುವಾಗಲೇ ವಸತಿ ಮತ್ತು ವಾಣಿಜ್ಯದ ಮಿಶ್ರ ಬಳಕೆಗೆ ಆ ಜಾಗದಲ್ಲಿ ಅವಕಾಶವಿದೆಯೇ ಎಂದು ಕೇಳಿ, ಇದ್ದರೆ ಹಾಗೆಯೇ ಮಂಜೂರು ಮಾಡಿಸಿ. ಬರೀ ವಾಣಿಜ್ಯವೆಂದು ಮಂಜೂರಾದ ಮಹಡಿಯನ್ನು ಮುಂದೆ ಮನೆಯಾಗಿಸುವುದು ದೊಡ್ಡ ಓಡಾಟದ ಕೆಲಸ. ಗುಡ್ಡದ ಬುಡದ ಜಾಗವಾದರೆ ಧರೆಯನ್ನು ನೆಟ್ಟಗೆ ಕಡಿದು ಜಾಗ ಮಾಡಿಕೊಳ್ಳುವ ಆಸೆಯನ್ನು ಪೂರ್ತಿ ಬಿಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ.

ಮೂರನೆಯದು: ಅಂಕಣದ ಅಳತೆ

ಇಡೀ ಕಟ್ಟಡದ ಹಣೆಬರಹ ಇರುವುದು ಕಂಬದಿಂದ ಕಂಬಕ್ಕೆ ಇರುವ ಅಂತರದಲ್ಲಿ. ನಾಲ್ಕು ಕಂಬಗಳ ನಡುವಿನ ಜಾಗವೇ ಒಂದು ಅಂಕಣ. ನಾನು ಹೇಳುವ ಅಳತೆ 20 ಅಡಿಗೆ 20 ಅಡಿ. ಇದಕ್ಕೆ ಕಾರಣಗಳಿವೆ. ಒಂದು ಅಂಕಣವನ್ನು ನಡುವೆ ಸೀಳಿದರೆ ಊರಿಗೆ ರೂಢಿಯಾದ ಹತ್ತು ಅಡಿಯ ಎರಡು ಮಳಿಗೆ. ಸೀಳದೆ ಬಿಟ್ಟರೆ 400 ಚದರ ಅಡಿ, ಅಂದರೆ ಕಾಯುವ ಜಾಗ ಸಹಿತ ಒಂದು ಕ್ಲಿನಿಕ್, ಅಥವಾ ತಲೆಗೆ 50 ಚದರ ಅಡಿಯಂತೆ ಎಂಟು ಜನ ಕೂತು ಕೆಲಸ ಮಾಡುವ ಕೋಣೆ, ಅಥವಾ ಅಡುಗೆ ಕಟ್ಟೆ, ಬಚ್ಚಲು ಸೇರಿದ ಒಂಟಿ ಕೋಣೆಯ ಮನೆ. ಕೆಳಗೆ ವಾಹನಕ್ಕೆ ಬಿಟ್ಟರೆ ಕಂಬದ ದಪ್ಪ ಕಳೆದೂ ಎರಡು ಕಾರು ಆರಾಮಾಗಿ ನಿಲ್ಲುತ್ತವೆ.

ಎಂಟು ಗುಂಟೆಯ ಜಾಗ ಇದೆ ಎನ್ನಿ. ರಸ್ತೆಯುದ್ದಕ್ಕೆ ಮೂರು ಅಂಕಣ, ಒಳಕ್ಕೆ ಎರಡು ಅಂಕಣ ಇಟ್ಟರೆ 60 ಅಡಿಗೆ 40 ಅಡಿ, ಒಂದು ಮಹಡಿಗೆ 2,400 ಚದರ ಅಡಿ. ಮುಂದೆ ಆರು ಅಡಿಯ ಜಗಲಿ, ಹಿಂದೆ ನಾಲ್ಕು ಅಡಿಯದು, ಎರಡೂ ತುದಿಗೆ ಮೆಟ್ಟಿಲು. ಮುಂದಿನ ಮೂರು ಅಂಕಣಕ್ಕೆ ಮುಂದಿನ ಜಗಲಿಯಿಂದ, ಹಿಂದಿನ ಮೂರಕ್ಕೆ ಹಿಂದಿನ ಜಗಲಿಯಿಂದ ಪ್ರವೇಶ. ಹೀಗಾದರೆ ಆರು ಅಂಕಣವನ್ನು ಆರು ಜನರಿಗೆ ಕೊಡಬಹುದು, ಮೂವರಿಗೆ ಕೊಡಬಹುದು, ಒಬ್ಬರೇ ಕೇಳಿದರೆ ಇಡೀ ಮಹಡಿಯನ್ನೂ ಕೊಡಬಹುದು. ಯಾವ ಸಂದರ್ಭದಲ್ಲೂ ಒಬ್ಬರ ಕೋಣೆ ದಾಟಿ ಇನ್ನೊಬ್ಬರು ಹೋಗಬೇಕಿಲ್ಲ. ಕಿಟಕಿಯ ಮೇಲಂಚು ಎಂಟು ಅಡಿ ಎತ್ತರದಲ್ಲಿದ್ದರೆ ಹಗಲಿನ ಬೆಳಕು ಅದರ ಎರಡು ಪಟ್ಟು, ಅಂದರೆ ಸುಮಾರು 16 ಅಡಿ ಒಳಕ್ಕೆ ಬರುತ್ತದೆ. ಹೀಗಾಗಿ ಯಾವ ಅಂಕಣವೂ ನಡುಹಗಲಲ್ಲಿ ಕತ್ತಲೆಯಾಗಿರುವುದಿಲ್ಲ. ಜಾಗ ಚಿಕ್ಕದಾದರೆ ಅಂಕಣದ ಸಂಖ್ಯೆ ಕಡಿಮೆ ಮಾಡಿ, ಅಂಕಣದ ಅಳತೆಯನ್ನಲ್ಲ.

ಭಾರ ಕಂಬ ಬೀಮುಗಳ ಮೇಲಿರಲಿ, ಒಳಗೋಡೆಗಳ ಮೇಲೆ ಬೇಡ. ಚಿರೇಕಲ್ಲು ನಮ್ಮ ಕಡೆಯ ಚಿನ್ನ, ಹೊರಗೋಡೆಗೆ ಧಾರಾಳವಾಗಿ ಬಳಸಿ. ಅಂಕಣ ಅಂಕಣದ ನಡುವೆ ಮಾತ್ರ ಹಗುರ ಬ್ಲಾಕು ಅಥವಾ ಸಿಮೆಂಟ್ ಫೈಬರ್ ಹಲಗೆ ಸಾಕು, ನಾಳೆ ಒಡೆದು ತೆಗೆಯಲು ಎರಡು ದಿನದ ಕೆಲಸ. ಮನೆಗೆಂದು ಲೆಕ್ಕ ಹಾಕಿದ ಸ್ಲ್ಯಾಬು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ಮಾಡಿದ್ದು. ಅಂಗಡಿಗೆ ಅದು 400 ಕಿಲೋ ಆಗಬೇಕು. ಎಲ್ಲ ಮಹಡಿಗೂ 400ರ ಲೆಕ್ಕವನ್ನೇ ಹಿಡಿಯಲು ಎಂಜಿನಿಯರಿಗೆ ಹೇಳಿ. ಈಗ ಕಬ್ಬಿಣಕ್ಕೆ ಸ್ವಲ್ಪ ಹೆಚ್ಚು ಹೋಗುತ್ತದೆ, ಆದರೆ ಮುಂದೆ ಓದುವ ಕೋಣೆ ಬಂದರೂ ಲ್ಯಾಬು ಬಂದರೂ ಭಯವಿಲ್ಲ. ಅಡಿಕೆ ಚೀಲದ ದಾಸ್ತಾನು ಮಾತ್ರ ನೆಲಮಹಡಿ ಬಿಟ್ಟು ಮೇಲೇರದಿರಲಿ, ಅದರ ಭಾರದ ಲೆಕ್ಕವೇ ಬೇರೆ.

ಎತ್ತರದ ಲೆಕ್ಕ ಹೀಗೆ: ಪಾಯದ ಮಟ್ಟ ಎರಡು ಅಡಿ, ನೆಲಮಹಡಿ 13 ಅಡಿ, ಮೇಲಿನ ಮೂರು ಮಹಡಿ ತಲಾ 11 ಅಡಿ. ಒಟ್ಟು 48 ಅಡಿ, 15 ಮೀಟರಿಗಿಂತ ಸ್ವಲ್ಪ ಕಡಿಮೆ. 15 ಮೀಟರ್ ಮುಟ್ಟಿದರೆ ರಾಷ್ಟ್ರೀಯ ಕಟ್ಟಡ ಸಂಹಿತೆ ಅದನ್ನು ಎತ್ತರದ ಕಟ್ಟಡವೆಂದು ಎಣಿಸುತ್ತದೆ, ಅಗ್ನಿ ಸುರಕ್ಷತೆಯ ಏರ್ಪಾಡು ಹಲವು ಪಟ್ಟು ಹೆಚ್ಚುತ್ತದೆ. 11 ಅಡಿ ಏಕೆ, ಹತ್ತು ಸಾಲದೇ ಎಂದು ಕೇಳುವವರಿದ್ದಾರೆ. ಬೀಮಿನ ಕೆಳಗೆ ಕೊಳವೆ, ತಂತಿ ಹಾಯಿಸಿ, ಫ್ಯಾನು ಹಾಕಿ, ಇನ್ನೂ ತಲೆಯ ಮೇಲೆ ಗಾಳಿ ಆಡಬೇಕಾದರೆ ಆ ಒಂದು ಅಡಿ ಬೇಕೇಬೇಕು.

ನಾಲ್ಕನೆಯದು: ರಾತ್ರಿ ಹತ್ತಕ್ಕೆ ಮೇಲೆ ಹತ್ತುವವರು

ಮಳಿಗೆಗಳು ಎಂಟು, ಒಂಬತ್ತಕ್ಕೆ ಶಟರ್ ಎಳೆಯುತ್ತವೆ. ಮೇಲೆ ಅಮೆರಿಕದ ಗ್ರಾಹಕರ ಜತೆ ಮಾತಾಡುವ ಹುಡುಗಿಯ ಕೆಲಸ ಆಗ ಶುರುವಾಗುತ್ತದೆ. ಅವಳು ಹತ್ತಬೇಕಾದ ಮೆಟ್ಟಿಲು ಮುಚ್ಚಿದ ಅಂಗಡಿಗಳ ಹಿಂದೆ, ದೀಪವಿಲ್ಲದ ಓಣಿಯಲ್ಲಿ ಇದ್ದರೆ ಎಷ್ಟೇ ಚೆಂದದ ಕೋಣೆ ಕಟ್ಟಿದರೂ ಅವಳು ಬರುವುದಿಲ್ಲ, ಬರಬೇಕೆಂದು ನಾವು ನಿರೀಕ್ಷಿಸಲೂಬಾರದು. ಮುಖ್ಯ ಮೆಟ್ಟಿಲಿನ ಬಾಗಿಲು ರಸ್ತೆಗೆ ನೇರ ಕಾಣುವಂತಿರಲಿ. ಅದರ ಗೋಡೆ ಪೂರ್ತಿ ಮುಚ್ಚಿದ್ದಾಗದೆ ಜಾಲಂಧ್ರದ್ದಾಗಿರಲಿ, ಹತ್ತುವವರು ಹೊರಗಿನವರಿಗೆ ಕಾಣಬೇಕು. ದೀಪದ ಸಂಪರ್ಕ ಕಟ್ಟಡದ ಸಾಮಾನ್ಯ ಮೀಟರಿಗೆ ಸೇರಿರಲಿ, ಯಾವುದೋ ಅಂಗಡಿಯ ಮೀಟರಿಗಲ್ಲ. ಪ್ರತಿ ಮಹಡಿಯಲ್ಲೂ ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕು, ಬೀಗದ ಕೈ ಅಂಗಡಿಯವರ ಹತ್ತಿರ ಇರುವ ಪದ್ಧತಿ ನಿಲ್ಲಬೇಕು.

ಮೆಟ್ಟಿಲಿನ ಅಗಲ ಐದು ಅಡಿಗೆ ಕಡಿಮೆ ಬೇಡ. ಕಚೇರಿಯಾದರೂ ಲಾಡ್ಜ್ ಆದರೂ ಸಂಹಿತೆ ಕೇಳುವುದು ಒಂದೂವರೆ ಮೀಟರ್. ಎರಡನೇ ಮೆಟ್ಟಿಲನ್ನು ಉಳಿತಾಯದ ಹೆಸರಲ್ಲಿ ಬಿಡಿಸಲು ಬರುವವರ ಮಾತು ಕೇಳಬೇಡಿ. ಕೋಚಿಂಗ್ ತರಗತಿಯ ಮಕ್ಕಳು ತುಂಬಿದ ಮಹಡಿಯಲ್ಲಿ ಹೊಗೆ ಎದ್ದರೆ ಒಂದೇ ದಾರಿ ಇರಬಾರದು. ಲಿಫ್ಟ್ ಈಗಲೇ ಹಾಕಿಸುವ ಶಕ್ತಿ ಇಲ್ಲದಿದ್ದರೆ ಅದರ ಬಾವಿಗೆ ಜಾಗ ಬಿಟ್ಟು, ಸದ್ಯಕ್ಕೆ ಹಲಗೆ ಮುಚ್ಚಿ ಉಗ್ರಾಣ ಮಾಡಿಕೊಳ್ಳಿ. ಗಾಲಿಕುರ್ಚಿಯ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಲೆಕ್ಕ, ಎರಡು ಅಡಿ ಪಾಯಕ್ಕೆ 24 ಅಡಿ ಉದ್ದ. ಕೊನೆಯಲ್ಲಿ ನೆನಪಾದರೆ ಇಷ್ಟು ಉದ್ದಕ್ಕೆ ಜಾಗ ಸಿಗುವುದಿಲ್ಲ, ನಕ್ಷೆಯ ಮೊದಲ ಗೆರೆಗಳಲ್ಲೇ ಅದಿರಲಿ.

ನೆಲಮಹಡಿಯ ಜಗಲಿಯನ್ನು ಯಾವ ಬಾಡಿಗೆದಾರರಿಗೂ ಬರೆದುಕೊಡಬೇಡಿ. ಕೊಡೆ ಮಡಚಲು, ಪಾರ್ಸೆಲ್ ಇಳಿಸಲು, ಡಾಕ್ಟರ ಸರದಿಗೆ ಕಾಯುವ ಅಜ್ಜಿಗೆ ಕೂರಲು, ಜಾತ್ರೆಯ ದಿನಗಳಲ್ಲಿ ತಾತ್ಕಾಲಿಕ ಅಂಗಡಿಗೆ, ಎಲ್ಲದಕ್ಕೂ ಒದಗುವ ಜಾಗ ಅದು.

ಐದನೆಯದು: ನೀರು ಹೋಗುವ ದಾರಿ

ಬಳಕೆ ಬದಲಿಸುವಾಗ ನಿಜವಾಗಿ ತಡೆಯುವುದು ಗೋಡೆಯಲ್ಲ, ನೀರು. ಕಚೇರಿಯನ್ನು ಕ್ಲಿನಿಕ್ ಮಾಡಲು ಸಿಂಕ್ ಬೇಕು, ಮನೆ ಮಾಡಲು ಬಚ್ಚಲು ಬೇಕು. ಆಗ ಹೊಸದಾಗಿ ಸ್ಲ್ಯಾಬು ಕೊರೆದರೆ ಕೆಳಗಿನ ಅಂಗಡಿಯವರ ಸೀಲಿಂಗಿನಲ್ಲಿ ಜೀವಮಾನದ ಜಿನುಗು. ಮೊದಲೇ ಉಪಾಯ ಮಾಡಿ. ಮೇಲೆ ಹೇಳಿದ ಆರು ಅಂಕಣದಲ್ಲಿ ನಾಲ್ಕು ಅಂಕಣಗಳ ಮೂಲೆ ಕೂಡುವ ಜಾಗ ಎರಡಿವೆ. ಆ ಎರಡು ಕಡೆ ಪಾಯದಿಂದ ತಾರಸಿಯವರೆಗೆ, ಮನುಷ್ಯ ಒಳಗೆ ನಿಂತು ಕೆಲಸ ಮಾಡುವಷ್ಟು ಅಗಲದ ಡಕ್ಟ್ ಬಿಡಿ. ನೀರು ಬರುವ, ಹೋಗುವ ಕೊಳವೆಗಳೆಲ್ಲ ಅದರೊಳಗೇ ಇರಲಿ. ಪ್ರತಿ ಅಂಕಣಕ್ಕೂ ಒಂದೊಂದು ಬಾಯಿ ತೆಗೆದು ಮುಚ್ಚಳ ಹಾಕಿಡಿ, ಬೇಕಾದವರು ಮುಂದೆ ಬಿಚ್ಚಿಕೊಳ್ಳುತ್ತಾರೆ.

ಕರಾವಳಿಯಲ್ಲಿ ಅಂತರ್ಜಲ ಮೇಲೇ ಇರುವುದರಿಂದ ಶೌಚಾಲಯದ ಇಂಗುಗುಂಡಿ ಮಳೆಗಾಲದಲ್ಲಿ ನೀರು ಕುಡಿಯುವುದಿಲ್ಲ, ಹೊಲಸು ನೀರು ಮೇಲಕ್ಕುಕ್ಕಿ ಬರುತ್ತದೆ. ಪೂರ್ತಿ ಸೀಲು ಮಾಡಿದ, ಒಳಗೇ ಶುದ್ಧಿಯಾಗುವ ಟ್ಯಾಂಕಿಗೆ ಖರ್ಚು ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಡಲ ಹತ್ತಿರದ ಬಾವಿಗಳು ಉಪ್ಪಾಗುತ್ತವೆ. 3,000 ಮಿಲಿಮೀಟರ್ ಮಳೆ ಬೀಳುವ ಕಡೆ 2,400 ಚದರ ಅಡಿ ಚಾವಣಿಯಿಂದ ವರ್ಷಕ್ಕೆ ಐದು ಲಕ್ಷ ಲೀಟರಿಗಿಂತ ಹೆಚ್ಚು ನೀರು ಹಿಡಿಯಬಹುದು. ಅಷ್ಟನ್ನೂ ತುಂಬಿಡುವ ಟ್ಯಾಂಕು ಸಾಧ್ಯವಿಲ್ಲ, ಆದರೆ ಶೌಚಾಲಯದ ಬಳಕೆಗೆ ಒಂದು ಭಾಗ ತುಂಬಿಟ್ಟು ಉಳಿದದ್ದನ್ನು ಬಾವಿಯ ಕಡೆ ಇಂಗಿಸಿ.

ಆರನೆಯದು: ಮಳೆ, ಗಾಳಿ, ಉಪ್ಪು

ಬೆಂಗಳೂರಿನ ಕಚೇರಿ ಕಟ್ಟಡದ ಫೋಟೋ ತೋರಿಸಿ ‘ಇಂಥದ್ದೇ ಬೇಕು’ ಎನ್ನುವ ಮಾಲೀಕರಿಗೆ ನಾನು ಕಳಕಳಿಯಿಂದ ಹೇಳುವುದು ಈ ಭಾಗವನ್ನು. ಮುಂಭಾಗಕ್ಕೆ ಪೂರ್ತಿ ಗಾಜು ಹಾಕಿದರೆ ಬೇಸಿಗೆಯಲ್ಲಿ ಒಳಗೆ ಬೇಯುತ್ತದೆ, ಮಳೆಗಾಲದಲ್ಲಿ ಗಾಜಿನ ಕೂಡಿನಲ್ಲಿ ನೀರು ಜಿನುಗುತ್ತದೆ, ಎರಡೂ ಕಾಲದಲ್ಲಿ ಕಿಟಕಿ ತೆರೆಯಲಾಗದು. ಜುಲೈಯಲ್ಲಿ ಗಾಳಿಯ ತೇವ ಶೇಕಡ 90ರ ಸುತ್ತ ಇರುವ ಊರು ನಮ್ಮದು. ಗಾಳಿ ಆಡದ ಕೋಣೆಯಲ್ಲಿ ಕಡತ, ಚರ್ಮದ ಕುರ್ಚಿ, ಪ್ಲೈವುಡ್ ಬೆನ್ನು, ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ.

ಮಳೆ ಬರುವುದು ನೈಋತ್ಯದಿಂದ, ಪಶ್ಚಿಮದಿಂದ. ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಆ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು, ದೀಪಾವಳಿಯ ಹೊತ್ತಿಗೆ ಬಿಚ್ಚುತ್ತಿದ್ದರು. ಅದೇ ಬುದ್ಧಿ ಇಲ್ಲಿಯೂ ಬೇಕು. ಮೆಟ್ಟಿಲು, ಲಿಫ್ಟ್, ಶೌಚಾಲಯ, ಜಗಲಿ ಇಂಥವನ್ನು ಆ ಬದಿಗೆ ಇಟ್ಟು, ಜನ ಕೂರುವ ಕೋಣೆಗಳ ದೊಡ್ಡ ಕಿಟಕಿಯನ್ನು ಉತ್ತರ, ಪೂರ್ವಕ್ಕೆ ತೆರೆಯಿರಿ. ಕಾರವಾರದಲ್ಲಿ ಒಂದು ಇಕ್ಕಟ್ಟಿದೆ: ಕಡಲ ನೋಟ ಇರುವುದೂ ಪಶ್ಚಿಮಕ್ಕೇ. ಅಲ್ಲಿ ಜಗಲಿಯನ್ನು ಎಂಟು ಅಡಿ ಅಗಲ ಮಾಡಿ, ಅದರ ಹೊರ ಅಂಚಿಗೆ ಸರಿಸಿ ಮುಚ್ಚುವ ಮರದ ಅಥವಾ ಅಲ್ಯುಮಿನಿಯಂ ರೆಕ್ಕೆಬಾಗಿಲು (ಓರೆ ಪಟ್ಟಿಗಳ ಬಾಗಿಲು) ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಅಲ್ಲೇ ನಿಲ್ಲುತ್ತದೆ, ಉಳಿದ ಎಂಟು ತಿಂಗಳು ಸಂಜೆಯ ಬಿಸಿಲನ್ನು ತಡೆದು ಕಡಲು ಕಾಣಿಸುತ್ತದೆ.

ತಾರಸಿಯ ಮೇಲೆ ಟ್ರಸ್ ಹಾಕಿಸಿ ಹಂಚೋ ಶೀಟೋ ಹೊದಿಸುವುದು ಇಲ್ಲಿ ಬಹುತೇಕ ಎಲ್ಲರೂ ಮಾಡುವ ಕೆಲಸ, ಸರಿಯಾದ ಕೆಲಸ. ಆದರೆ ಶೀಟಿನ ನೇರ ಕೆಳಗೆ ಕೆಲಸದ ಕೋಣೆ ಮಾಡಬೇಡಿ. ಆಷಾಢದ ಮಳೆಯಲ್ಲಿ ಆ ಸದ್ದಿನ ಕೆಳಗೆ ವಿಡಿಯೋ ಕರೆಯಲ್ಲಿ ಒಂದು ವಾಕ್ಯವೂ ಕೇಳಿಸುವುದಿಲ್ಲ. ಆ ಜಾಗ ಊಟಕ್ಕೆ, ಬಟ್ಟೆ ಒಣಗಿಸಲು, ಸಂಜೆಯ ಯಕ್ಷಗಾನ ಅಭ್ಯಾಸಕ್ಕೆ ಇರಲಿ. ಅದನ್ನು ಮಹಡಿಯೆಂದು ಎಣಿಸುತ್ತಾರೋ ಇಲ್ಲವೋ ಎಂದು ನಗರಸಭೆಯಲ್ಲಿ ಮೊದಲೇ ಕೇಳಿಕೊಳ್ಳಿ. ನೀರಿಳಿಯುವ ನಾಲ್ಕಿಂಚಿನ ಕೊಳವೆ ಅಂಕಣಕ್ಕೊಂದರಂತೆ ಆರು ಬೇಕು. ಗಂಟೆಗೆ 100 ಮಿಲಿಮೀಟರ್ ಸುರಿಯುವ ಮಳೆಗೆ ಎರಡು ಮೂರು ಕೊಳವೆ ಸಾಲುವುದಿಲ್ಲ.

ಉಪ್ಪಿನ ವಿಷಯದಲ್ಲಿ ರಾಜಿ ಬೇಡ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕರಾವಳಿಯ ಗಾಳಿಗೆ ತೆರೆದ ಕೆಲಸಕ್ಕೆ ಕನಿಷ್ಠ ಎಂ30 ದರ್ಜೆಯ ಗಟ್ಟಿತನದ ಕಾಂಕ್ರೀಟು ಮತ್ತು ಸರಳಿನ ಮೇಲೆ 45 ಮಿಲಿಮೀಟರ್ ಹೊದಿಕೆ ಕೇಳುತ್ತದೆ. ಅಲೆಯ ತುಂತುರು ತಾಗುವಷ್ಟು ಹತ್ತಿರವಾದರೆ ಎಂ35, 50 ಮಿಲಿಮೀಟರ್. ಶಿರಸಿಯಲ್ಲಿ ಕೆಲಸ ಮಾಡಿ ಬಂದ ಮೇಸ್ತ್ರಿಗೆ ಇದು ಅತಿಯೆನಿಸಬಹುದು, ಆದರೂ ಸ್ಲ್ಯಾಬು ಹಾಕುವ ದಿನ, ಹೊದಿಕೆಯ ದಪ್ಪಕ್ಕೆಂದು ಸರಳಿಗೆ ಒತ್ತು ಕೊಡುವ ಕವರ್ ಬ್ಲಾಕು ಕೈಯಲ್ಲಿ ಅಳೆದು ನೋಡಿ. ಮುಂದೆ ಮಹಡಿ ಏರಿಸಲೆಂದು ಕಂಬದ ಸರಳನ್ನು ಆಕಾಶಕ್ಕೆ ಬಿಟ್ಟ ಕಟ್ಟಡಗಳು ಹೊನ್ನಾವರದಿಂದ ಸದಾಶಿವಗಡದವರೆಗೆ ಕಾಣುತ್ತವೆ. ಆ ತುಕ್ಕು ಮೇಲೇ ನಿಲ್ಲುವುದಿಲ್ಲ, ಕಂಬದೊಳಕ್ಕೆ ಇಳಿದು ತಲೆಯನ್ನು ಸೀಳುತ್ತದೆ. ಸರಳು ಬಿಡಲೇಬೇಕಿದ್ದರೆ ತೆಳು ಕಾಂಕ್ರೀಟಿನಲ್ಲಿ ಪೂರ್ತಿ ಮುಚ್ಚಿಡಿ. ಮೆಟ್ಟಿಲಿನ ಕೈಹಿಡಿ ಕಂಬಿ, ತಿರುಪು, ಬಿಜಾಗರಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತನ್ನಿ, 304 ಕಡಲಂಚಿನಲ್ಲಿ ಕಲೆಗಟ್ಟುತ್ತದೆ.

ಏಳನೆಯದು: ಕರೆಂಟು ಮತ್ತು ಇಂಟರ್ನೆಟ್

ಮನೆಯ ಬಳಕೆಗೂ ವಾಣಿಜ್ಯಕ್ಕೂ ಇಲ್ಲಿನ ವಿದ್ಯುತ್ ಕಂಪನಿ ಹೆಸ್ಕಾಂನ ದರ ಬೇರೆ. ಆದ್ದರಿಂದ ಪ್ರತಿ ಅಂಕಣಕ್ಕೂ ಸ್ವತಂತ್ರ ಮೀಟರಿಗೆ ಜಾಗ, ತಂತಿಗೆ ಸ್ವತಂತ್ರ ಕೊಳವೆ ಇಡಿ. ಇಂಟರ್ನೆಟ್ಟಿಗೆ ಎರಡು ಕಂಪನಿ ಸಾಲದು, ಎರಡು ದಾರಿಯೂ ಬೇಕು. ಕಂಬದ ಮೇಲಿನ ಫೈಬರ್ ಮರ ಬಿದ್ದಾಗ ತುಂಡಾಗುತ್ತದೆ, ನೆಲದೊಳಗಿನದು ಗಟಾರ ಅಗೆದಾಗ. ಒಂದು ಮೇಲಿನಿಂದ, ಇನ್ನೊಂದು ಕೆಳಗಿನಿಂದ ಬರಲಿ.

ಎಂಟು ಜನರ ಒಂದು ಅಂಕಣಕ್ಕೆ ಲ್ಯಾಪ್‌ಟಾಪು, ಕಡಿಮೆ ವಿದ್ಯುತ್ತಿನ ನಾಲ್ಕು ಫ್ಯಾನು, ದೀಪ, ರೂಟರ್ ಸೇರಿ ಸುಮಾರು 700 ವ್ಯಾಟ್. ಮೂರು ಗಂಟೆ ಕರೆಂಟು ಹೋದರೆ ಸುಧಾರಿಸಲು 12 ವೋಲ್ಟ್, 150 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಸಾಕು. ಇಡೀ ಕಟ್ಟಡಕ್ಕೆ ಜನರೇಟರ್ ತರುವ ಮೊದಲು ಈ ಲೆಕ್ಕ ಹಾಕಿ. ಬ್ಯಾಟರಿಗೆ ಗಾಳಿ ಆಡುವ, ನೆರೆ ನೀರು ತಲುಪದ ಜಾಗ ಮೊದಲ ಮಹಡಿಯಲ್ಲಿ ಇರಲಿ.

ಎಂಟನೆಯದು: ಕೆಲಸದ ಹಂಗಾಮು, ಕರಾರು, ಮೊದಲ ಮಳೆ

ದೀಪಾವಳಿ ಕಳೆದು ಪಾಯ ತೆಗೆದರೆ ಮೇ ಒಳಗೆ ಎರಡು ಸ್ಲ್ಯಾಬು ಬೀಳಬೇಕು. ಮಳೆಗಾಲದಲ್ಲಿ ಅದರ ಕೆಳಗೆ ಗೋಡೆ, ಕೊಳವೆ, ತಂತಿಯ ಕೆಲಸ ಸಾಗುತ್ತದೆ. ಕೊಳವೆ, ತಂತಿ ಗಾರೆಯೊಳಗೆ ಮುಚ್ಚುವ ಮುನ್ನ ಪ್ರತಿ ಗೋಡೆಯ ಫೋಟೋ ತೆಗೆದು, ಅಳತೆಪಟ್ಟಿ ಕಾಣುವಂತೆ, ಅಂಕಣದ ಸಂಖ್ಯೆ ಬರೆದಿಡಿ. ಹತ್ತು ವರ್ಷದ ಮೇಲೆ ಗೋಡೆ ಕೊರೆಯುವವರಿಗೆ ಈ ಫೋಟೋಗಳೇ ನಕ್ಷೆ.

ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೆ ಮಾಡುವುದು ರೂಢಿ. ಒಂದು ವರ್ಷಕ್ಕೆ ಮೀರಿದರೆ ನೋಂದಣಿ ಕಡ್ಡಾಯ. ಒಳಗೆ ಹಣ ಹಾಕಿ ಕ್ಲಿನಿಕ್ ಮಾಡುವ ವೈದ್ಯರಿಗೆ ಹನ್ನೊಂದು ತಿಂಗಳ ಕಾಗದ ನ್ಯಾಯವಲ್ಲ, ಐದು ವರ್ಷಕ್ಕೆ ನೋಂದಾಯಿಸಿ ಕೊಡಿ. ಹೊಸದಾಗಿ ಶುರು ಮಾಡುವ ಹುಡುಗರಿಗೆ ತಿಂಗಳ ಲೆಕ್ಕದಲ್ಲಿ ಕೊಟ್ಟು ನೋಡಿ. ಕಂಬ, ಬೀಮು, ಸ್ಲ್ಯಾಬು, ಡಕ್ಟ್ ಮುಟ್ಟುವಂತಿಲ್ಲ, ಉಳಿದದ್ದೆಲ್ಲ ನಿಮ್ಮಿಷ್ಟ ಎಂಬ ಸಾಲು ಇಬ್ಬರ ಕಾಗದದಲ್ಲೂ ಇರಲಿ.

ಮೇಲಿನ ಮಹಡಿಯ ಅಡ್ಡಗೋಡೆ, ಬಣ್ಣ, ಸೀಲಿಂಗ್ ಇವನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಮಾಡಿಸಬೇಡಿ. ಜೂನ್ ಎರಡನೇ ವಾರದ ಜಡಿಮಳೆಯಲ್ಲಿ ಸೀಮೆಸುಣ್ಣ ಹಿಡಿದು ಎಲ್ಲ ಅಂಕಣ ಸುತ್ತಿ, ಜಿನುಗುವ ಕಡೆ, ಎರಚಲು ತಲುಪುವ ಕಡೆ, ನೀರು ನಿಲ್ಲುವ ಕಡೆ ಗುರುತು ಮಾಡಿ, ದಿನಾಂಕ ಹಾಕಿ. ಜುಲೈಯಲ್ಲಿ ಮತ್ತೊಮ್ಮೆ, ಗಾಳಿ ಜೋರಿದ್ದ ದಿನ. ದಸರೆ ಕಳೆದು ಗೋಡೆ ಒಣಗಿದ ಮೇಲೆ ಮೇಸ್ತ್ರಿಯನ್ನು ಆ ಗುರುತುಗಳ ಮುಂದೆ ನಿಲ್ಲಿಸಿ ಕೆಲಸ ಹಿಡಿಸಿ, ಅವರ ಕೊನೆಯ ಕಂತಿನ ಹಣವನ್ನು ಅಲ್ಲಿಯವರೆಗೆ ಇಟ್ಟುಕೊಳ್ಳುವ ಮಾತನ್ನು ಮೊದಲ ದಿನವೇ ಆಡಿಕೊಂಡಿರಿ.